ವಾರ್ಡಿನಿಂದ ಪುಸ್ತಕಕ್ಕೆ, ಪುಸ್ತಕದಿಂದ ವಾರ್ಡಿಗೆ: ದೂರಶಿಕ್ಷಣದಲ್ಲಿ ನನ್ನ ಅನುಭವ

ಶಿಫ್ಟ್ ಬದಲಾಗುವಾಗಿನ ಹ್ಯಾಂಡ್‌ಓವರ್‌ನಲ್ಲಿ ಮೂರು ದಿನ ಒಬ್ಬ ರೋಗಿಯ ಬಗ್ಗೆ ನಾವು ಹೇಳಿದ್ದು ಒಂದೇ ಮಾತು: "ಶಾಂತವಾಗಿದ್ದಾರೆ, ಏನೂ ತೊಂದರೆಯಿಲ್ಲ." 80 ದಾಟಿದ ಹಿರಿಯರು. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ಕರೆದರೆ ಕಣ್ಣು ತೆರೆಯುತ್ತಿದ್ದರು, ಕೇಳಿದ್ದಕ್ಕೆಲ್ಲ "ಹೂಂ" ಅನ್ನುತ್ತಿದ್ದರು, ಮತ್ತೆ ಕಣ್ಣು ಮುಚ್ಚುತ್ತಿದ್ದರು. ಒಮ್ಮೆಯೂ ಬೆಲ್ ಒತ್ತಲಿಲ್ಲ, ಡ್ರಿಪ್ ಕೀಳಲು ಹೋಗಲಿಲ್ಲ. ನಾಲ್ಕನೆಯ ದಿನ ಮಗ ಬಂದು ಹಾಸಿಗೆಯ ಪಕ್ಕ ಐದು ನಿಮಿಷ ಕೂತು ನನ್ನನ್ನು ಕರೆದರು. "ಸಿಸ್ಟರ್, ನಮ್ಮಪ್ಪ ಹೀಗಲ್ಲ. ಇವರು ಸುಮ್ಮನಿರೋ ಮನುಷ್ಯನೇ ಅಲ್ಲ." ಪರೀಕ್ಷೆ ಮಾಡಿಸಿದರೆ ಎದೆಯಲ್ಲಿ ಸೋಂಕು, ಮೈಯಲ್ಲಿ ನೀರಿನಂಶ ಕಡಿಮೆ. ಅವರಿಗೆ ಆಗಿದ್ದು ಸನ್ನಿ (ಡಿಲಿರಿಯಂ), ಅಂದರೆ ಕಾಯಿಲೆಯಿಂದ ಇದ್ದಕ್ಕಿದ್ದಂತೆ ಗಮನ, ಬುದ್ಧಿ ಕೆಡುವುದು. ಕೂಗಾಡಿಸುವ ಸನ್ನಿಯಲ್ಲ, ಮನುಷ್ಯನನ್ನು ಮಂಕು ಮಾಡಿ ಮಲಗಿಸುವ ಸನ್ನಿ.

ಅವರು ಚೇತರಿಸಿಕೊಂಡು ಮನೆಗೆ ಹೋದರು. ನನಗೆ ಮಾತ್ರ ಆ ಮೂರು ದಿನ ಮರೆಯಲಿಲ್ಲ. ವೃದ್ಧರ ವಾರ್ಡಿನಲ್ಲಿ 14 ವರ್ಷ ನರ್ಸ್ ಆಗಿ ದುಡಿದವಳು ನಾನು. ನಾನೂ ಅದನ್ನು ನೋಡಲಿಲ್ಲ, ನನ್ನ ಕೈಕೆಳಗಿನವರಿಗೆ ನೋಡುವುದನ್ನು ಕಲಿಸಿರಲೂ ಇಲ್ಲ. ವಯಸ್ಸಾದವರು ಮಂಕಾಗಿದ್ದರೆ "ಅರಳುಮರಳು" ಅಂದುಬಿಡುವುದು ವಾರ್ಡಿನ ಒಳಗೂ ಇದೆ, ಹೊರಗೂ ಇದೆ. ಅದು ತಪ್ಪು ಎಂದು ಗೊತ್ತಿದ್ದರೆ ಸಾಲದು, ಏಕೆ ತಪ್ಪು, ಬದಲಿಗೆ ಏನು ಮಾಡಬೇಕು ಎಂದು ಇನ್ನೊಬ್ಬರಿಗೆ ತೋರಿಸಿಕೊಡುವಷ್ಟು ಬರಬೇಕು ಅನಿಸಿತು. ಕೆಲಸ ಬಿಟ್ಟು ಕಾಲೇಜಿಗೆ ಹೋಗುವ ಪರಿಸ್ಥಿತಿ ಇರಲಿಲ್ಲ. ಹಾಗಾಗಿ ವೃದ್ಧರ ಆರೈಕೆಯಲ್ಲಿ ಸ್ನಾತಕೋತ್ತರ ದೂರಶಿಕ್ಷಣಕ್ಕೆ ಸೇರಿದೆ. (ರೋಗಿಯ ಗುರುತು ಸಿಗದ ಹಾಗೆ ವಿವರ ಬದಲಿಸಿ ಬರೆದಿದ್ದೇನೆ. ಅಸೈನ್‌ಮೆಂಟುಗಳಲ್ಲೂ ಹೀಗೇ ಬರೆಯಬೇಕು. ಹೆಸರು ತೆಗೆದರಷ್ಟೇ ಸಾಲದು. ವಯಸ್ಸು, ಊರು, ದಿನಾಂಕ, ಅಪರೂಪದ ಕಾಯಿಲೆ ಇವೆಲ್ಲ ಒಟ್ಟಾದರೆ ಮನುಷ್ಯ ಯಾರೆಂದು ತಿಳಿದುಬಿಡುತ್ತದೆ.)

ಸೇರುವ ಮುಂಚೆ ಗಂಟೆಗಳ ಲೆಕ್ಕ ಹಾಕಿದ್ದು ಒಳ್ಳೆಯದಾಯಿತು. ಬ್ರಿಟನ್ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಎಂದರೆ ಸುಮಾರು 10 ಗಂಟೆಯ ಕಲಿಕೆ, ಸ್ನಾತಕೋತ್ತರ ಪದವಿಗೆ 180 ಕ್ರೆಡಿಟ್. ಅಂದರೆ 1800 ಗಂಟೆ. ಮೂರು ವರ್ಷಕ್ಕೆ ಹಂಚಿದರೆ ವಾರಕ್ಕೆ ಹತ್ತಿರ ಹತ್ತಿರ 12 ಗಂಟೆ. ಯುರೋಪಿನ ಲೆಕ್ಕದಲ್ಲಿ ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆ. ಕೈಪಿಡಿಯಲ್ಲಿ ಎಷ್ಟು ಕ್ರೆಡಿಟ್ ಎಂದು ಕಂಡ ಕೂಡಲೇ ಅದು ಯಾವ ಪದ್ಧತಿಯ ಕ್ರೆಡಿಟ್ ಎಂದು ಕೇಳಿ, ಗಂಟೆಗೆ ಇಳಿಸಿ, ನಿಮ್ಮ ಡ್ಯೂಟಿ ಪಟ್ಟಿಯ ಪಕ್ಕ ಇಟ್ಟು ನೋಡಿ. ಅಷ್ಟು ಗಂಟೆ ಕಾಣದಿದ್ದರೆ ಬ್ರಿಟನ್ ಲೆಕ್ಕದ 60 ಕ್ರೆಡಿಟ್‌ನ ಸರ್ಟಿಫಿಕೇಟಿಗೆ ಮಾತ್ರ ಸೇರಿ, ಆಮೇಲೆ ಮುಂದುವರಿಸುವ ದಾರಿ ಬಹಳ ಕಡೆ ಇರುತ್ತದೆ. ನನ್ನ ಜೊತೆ ಸೇರಿದ ಇಬ್ಬರು ಹಾಗೆ ಮಾಡಿದರು. ಅದು ಜಾಣತನವೇ.

ಮೊದಲ ಮಾಡ್ಯೂಲಿನಲ್ಲಿ (ಕೋರ್ಸಿನ ಒಂದೊಂದು ಭಾಗಕ್ಕೆ ಈ ಹೆಸರು) ನೈಟ್ ಡ್ಯೂಟಿ ಮುಗಿಸಿ ಬಂದು ಓದುತ್ತಿದ್ದೆ. ಮನೆಯಲ್ಲಿ ಆ ಹೊತ್ತಿಗೆ ಸದ್ದಿಲ್ಲ, ಎರಡು ಗಂಟೆ ಕೂರಬಹುದು ಎಂಬ ಆಸೆ. ಪುಟದ ತುಂಬ ಹಳದಿ ಗೆರೆ ಎಳೆದಿರುತ್ತಿದ್ದೆ, ಸಂಜೆ ಎದ್ದು ನೋಡಿದರೆ ಒಂದು ಸಾಲೂ ನೆನಪಿಲ್ಲ. ಎರಡು ತಿಂಗಳು ಹೀಗೇ ಕಳೆದ ಮೇಲೆ ನೈಟ್ ಡ್ಯೂಟಿಯ ವಾರದಲ್ಲಿ ಹೊಸದಾಗಿ ಏನನ್ನೂ ಓದುವುದಿಲ್ಲ ಎಂದು ನಿರ್ಧರಿಸಿದೆ. ಆ ವಾರ ಉಲ್ಲೇಖಗಳ ಪಟ್ಟಿ ಸರಿಪಡಿಸುವುದು, ಫೈಲುಗಳಿಗೆ ಹೆಸರಿಡುವುದು ಇಂಥ ಕೈಕೆಲಸ ಮಾತ್ರ. ಗಟ್ಟಿ ಓದು ರಜೆಯ ಎರಡನೆಯ ದಿನ ಬೆಳಿಗ್ಗೆ. ಮೊದಲನೆಯ ದಿನ ನಿದ್ದೆಗೆ.

ಓದುವ ರೀತಿಯನ್ನೂ ಬದಲಿಸಬೇಕಾಯಿತು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದ್ದರು. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು, ಇನ್ನೊಂದು ಓದಿ ಮುಚ್ಚಿಟ್ಟು ನೆನಪಿದ್ದಷ್ಟು ಬರೆಯಿತು. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಮತ್ತೆ ಓದಿದವರೇ ಮುಂದು. ಒಂದು ವಾರ ಬಿಟ್ಟು ಕೇಳಿದರೆ ಮುಚ್ಚಿಟ್ಟು ಬರೆದವರು ಮುಂದು. ಇದನ್ನು ತಿಳಿದ ದಿನವೇ ಹಳದಿ ಪೆನ್ನು ಕೆಳಗಿಟ್ಟೆ. ಒಂದು ಲೇಖನ ಓದಿದರೆ ಮುಚ್ಚಿಟ್ಟು ಅರ್ಧ ಪುಟ ಕನ್ನಡದಲ್ಲಿ ಬರೆಯುತ್ತಿದ್ದೆ. ಕನ್ನಡದಲ್ಲಿ ಬರೆಯಲು ಆಗದೆ ಹೋದರೆ ನನಗೆ ಅರ್ಥವಾಗಿಲ್ಲ ಎಂದೇ ಲೆಕ್ಕ.

ಮೊದಲ ಅಸೈನ್‌ಮೆಂಟಿಗೆ ಪಾಸಿನ ಗಡಿಯಷ್ಟೇ ಅಂಕ ಬಂತು. "ವಿವರಣೆ ಬಹಳ, ವಿಶ್ಲೇಷಣೆ ಕಡಿಮೆ" ಎಂದು ಟ್ಯೂಟರ್ ಬರೆದಿದ್ದರು. ಒಂದು ವಾರ ಬೇಸರದಲ್ಲಿದ್ದೆ. ಆಮೇಲೆ ಅವರ ಟಿಪ್ಪಣಿಗಳನ್ನೆಲ್ಲ ಮತ್ತೆ ಓದಿದೆ. ಆ ಹಿರಿಯರ ಘಟನೆಯನ್ನು ನಾನು, ಅನುಭವವನ್ನು ಹಿಂತಿರುಗಿ ನೋಡಿ ಬರೆಯಲು ಗಿಬ್ಸ್ 1988ರಲ್ಲಿ ಕೊಟ್ಟ ಆರು ಹಂತದ ಆವರ್ತದ ಪ್ರಕಾರ ಬರೆದಿದ್ದೆ: ಏನಾಯಿತು, ಏನನಿಸಿತು, ಒಳ್ಳೆಯದೇನು ಕೆಟ್ಟದ್ದೇನು, ವಿಶ್ಲೇಷಣೆ, ತೀರ್ಮಾನ, ಮುಂದೇನು. ಆರು ಮನೆಗಳನ್ನೂ ತುಂಬಿದ್ದೆ, ಅಷ್ಟೆ. "ಶಾಂತವಾಗಿದ್ದಾರೆ ಎಂದು ದಾಖಲಿಸಿದೆವು" ಎಂದು ನಾನು ಬರೆದ ಸಾಲಿನ ಅಂಚಿನಲ್ಲಿ ಟ್ಯೂಟರ್ ಒಂದು ಪ್ರಶ್ನೆ ಹಾಕಿದ್ದರು: "ಆ ಹೊತ್ತಿನಲ್ಲಿ ನೀವು ಏನನ್ನು ನಂಬಿದ್ದಿರಿ?"

ಆ ಪ್ರಶ್ನೆಗೆ ಉತ್ತರ ಬರೆಯಲು ಎರಡು ದಿನ ಹಿಡಿಯಿತು. ಸದ್ದು ಮಾಡದ ರೋಗಿ ಒಳ್ಳೆಯ ರೋಗಿ ಎಂದು ನಂಬಿದ್ದೆ. ತುಂಬಿದ ವಾರ್ಡಿನಲ್ಲಿ, ಇಬ್ಬರು ಮಾಡಬೇಕಾದ ಕೆಲಸವನ್ನು ಒಬ್ಬರೇ ಮಾಡುವಾಗ, ಸದ್ದು ಮಾಡುವವರ ಕಡೆಗೆ ಕಾಲು ತಾನಾಗಿ ಓಡುತ್ತದೆ. ಉಳಿದವರು ಚೆನ್ನಾಗಿದ್ದಾರೆ ಎಂದು ಮನಸ್ಸು ತನಗೆ ತಾನೇ ಹೇಳಿಕೊಳ್ಳುತ್ತದೆ. ಇಡೀ ಕೋರ್ಸಿನಲ್ಲಿ ನನಗೆ ಸಿಕ್ಕ ಅತಿ ಬೆಲೆಬಾಳುವ ಪಾಠ ಅಂಚಿನ ಆ ಒಂದು ಸಾಲು ಎಂದು ಈಗಲೂ ಹೇಳುತ್ತೇನೆ. ದೂರಶಿಕ್ಷಣದಲ್ಲಿ ಗುರುಗಳ ಮುಖ ಕಾಣುವುದು ಅಪರೂಪ, ಅವರು ಬರೆದ ಟಿಪ್ಪಣಿಯೇ ತರಗತಿ. ಅಂಕ ನೋಡಿ ಫೈಲ್ ಮುಚ್ಚುವವರು ಆ ತರಗತಿಯನ್ನೇ ತಪ್ಪಿಸಿಕೊಂಡ ಹಾಗೆ.

ಅಲ್ಲಿಂದ ಮುಂದೆ ಪ್ರತಿ ಮಾಡ್ಯೂಲಿಗೂ ವಾರ್ಡಿನಿಂದ ಒಂದು ಪ್ರಶ್ನೆ ಹೊತ್ತು ಹೋಗುವ ಅಭ್ಯಾಸ ಮಾಡಿಕೊಂಡೆ. "ಸನ್ನಿ ಎಂದರೇನು" ಎಂಬ ದೊಡ್ಡ ಪ್ರಶ್ನೆಯಿಂದ ಏನೂ ಹುಟ್ಟುವುದಿಲ್ಲ. ಪ್ರಶ್ನೆಯನ್ನು ನಾಲ್ಕು ಭಾಗವಾಗಿ ಬಿಡಿಸುವ, 1995ರಿಂದ ಬಳಕೆಯಲ್ಲಿರುವ ಪೈಕೊ (PICO) ಚೌಕಟ್ಟು ಇಲ್ಲಿ ನೆರವಾಯಿತು: ಯಾವ ರೋಗಿಗಳು, ಯಾವ ಉಪಾಯ, ಯಾವುದರ ಜೊತೆ ಹೋಲಿಕೆ, ಯಾವ ಫಲ. ನನ್ನ ಪ್ರಶ್ನೆ ಹೀಗಾಯಿತು: 70 ದಾಟಿ ಆಸ್ಪತ್ರೆಗೆ ಸೇರಿದವರಲ್ಲಿ, ಔಷಧಿಯಿಲ್ಲದ ನಿತ್ಯದ ಆರೈಕೆಯಿಂದ ಸನ್ನಿ ಬರುವುದನ್ನು ತಡೆಯಬಹುದೇ? ಹುಡುಕಲು ಕೂತಾಗ ಮೊದಲು ಸಿಕ್ಕಿದ್ದು ಕಡಿಮೆ. ವಿಶ್ವವಿದ್ಯಾಲಯದ ಗ್ರಂಥಪಾಲಕರ ಜೊತೆ ವಿಡಿಯೊ ಕರೆಯಲ್ಲಿ 40 ನಿಮಿಷ ಮಾತನಾಡಿದ ಮೇಲೆ ಬಾಗಿಲು ತೆರೆಯಿತು. "ಡಿಲಿರಿಯಂ" ಎಂದು ಹುಡುಕಿದರೆ ಸಾಲದು, ಹಳೆಯ ಲೇಖನಗಳಲ್ಲಿ ಇದಕ್ಕೆ "ಅಕ್ಯೂಟ್ ಕನ್‌ಫ್ಯೂಷನ್" ಎಂದೂ ಹೆಸರು, ಎರಡನ್ನೂ ಜೋಡಿಸಿ ಹುಡುಕಿ ಎಂದು ಅವರು ತೋರಿಸಿಕೊಟ್ಟರು. ವೈದ್ಯಕೀಯ ಲೇಖನಗಳ ಭಂಡಾರವಾದ ಪಬ್‌ಮೆಡ್ ಜೊತೆಗೆ ನರ್ಸಿಂಗ್ ಬರಹಗಳಿಗೆ ಸಿನಾಲ್ (CINAHL) ಎಂಬ ಭಂಡಾರವನ್ನೂ ನೋಡಲು ಹೇಳಿದರು. ದೂರದಲ್ಲಿದ್ದು ಓದುವವರು ಗ್ರಂಥಾಲಯ ತಮಗಲ್ಲ ಎಂದುಕೊಂಡಿರುತ್ತಾರೆ. ಮೊದಲ ತಿಂಗಳಲ್ಲೇ ಗ್ರಂಥಪಾಲಕರ ಸಮಯ ಕೇಳಿ ಪಡೆಯಿರಿ.

ಹೀಗೆ ಸಿಕ್ಕಿದ ಲೇಖನಗಳಲ್ಲಿ ನನ್ನ ಕೈ ಹಿಡಿದದ್ದು ಅಮೆರಿಕದ ವೈದ್ಯೆ ಶರನ್ ಇನೌಯೆ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನ. 70 ದಾಟಿದ 852 ರೋಗಿಗಳು. ಉಪಾಯಗಳು ನಮ್ಮ ಕೈಯಲ್ಲೇ ಇರುವಂಥವು: ಇಂದು ಯಾವ ದಿನ, ಎಲ್ಲಿದ್ದೀರಿ ಎಂದು ನೆನಪಿಸುವುದು, ರಾತ್ರಿ ನಿದ್ದೆಗೆಡಿಸದಿರುವುದು, ಬೇಗ ಎಬ್ಬಿಸಿ ನಡೆಸುವುದು, ಕನ್ನಡಕ ಮತ್ತು ಕಿವಿಯ ಯಂತ್ರ ಕೈಗೆ ಕೊಡುವುದು, ನೀರು ಕುಡಿಸುವುದು. ಹೀಗೆ ನೋಡಿಕೊಂಡವರಲ್ಲಿ 9.9 ಪ್ರತಿಶತ ಜನರಿಗೆ ಸನ್ನಿ ಬಂತು, ಎಂದಿನ ಆರೈಕೆಯಲ್ಲಿದ್ದವರಲ್ಲಿ 15 ಪ್ರತಿಶತ. ಓದಿ ಮುಗಿಸಿದ ರಾತ್ರಿ ಸಂತೋಷಕ್ಕೆ ನಿದ್ದೆ ಬರಲಿಲ್ಲ.

ವಿಮರ್ಶೆ ಬರೆಯಲು ಎರಡನೆಯ ಸಲ ಓದಿದಾಗ ಕಂಡದ್ದು ಬೇರೆ. ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪಿಗೆ ಹಂಚಿರಲಿಲ್ಲ. ಬೇರೆ ಬೇರೆ ವಾರ್ಡುಗಳಿಂದ ಸರಿಹೊಂದುವ ಜೋಡಿಗಳನ್ನು ಆರಿಸಿಕೊಂಡಿದ್ದರು. ಫಲಿತಾಂಶದ ಒಂದಷ್ಟು ಪಾಲು ವಾರ್ಡುಗಳ ನಡುವಣ ವ್ಯತ್ಯಾಸದಿಂದಲೂ ಬಂದಿರಬಹುದು. ಇನ್ನೊಂದು ವಿಷಯ, ಸನ್ನಿ ಒಮ್ಮೆ ಬಂದ ಮೇಲೆ ಅದರ ತೀವ್ರತೆ ಈ ಆರೈಕೆಯಿಂದ ಗಮನಾರ್ಹವಾಗಿ ಕಡಿಮೆಯಾಗಲಿಲ್ಲ. ನನ್ನ ಹಿರಿಯರಿಗೆ ನಾಲ್ಕನೆಯ ದಿನ ಏನೆಲ್ಲ ಮಾಡಿದೆವೋ ಅದನ್ನು ಮೊದಲ ದಿನವೇ ಮಾಡಬೇಕಿತ್ತು ಎಂಬುದು ಅಲ್ಲಿ ಖಚಿತವಾಯಿತು. ಸ್ನಾತಕೋತ್ತರ ಓದು ಎಂದರೇನು ಎಂದು ನನಗೆ ತಿಳಿದದ್ದು ಆ ಎರಡನೆಯ ಓದಿನಲ್ಲಿ. ಇಷ್ಟವಾದ ಲೇಖನದ ಎದುರೂ ಕೂತು, ಇದು ಎಲ್ಲಿಯವರೆಗೆ ನಿಜ ಎಂದು ಕೇಳಬೇಕು.

ವಾರ್ಡಿಗೆ ತಂದದ್ದು ಸಣ್ಣದು. ಇನ್‌ಚಾರ್ಜ್ ಮೇಡಂ ಜೊತೆ ಕೂತು, ಪ್ರತಿ ಶಿಫ್ಟಿನಲ್ಲಿ ಒಮ್ಮೆ ಗಮನದ ಪರೀಕ್ಷೆ ಮಾಡೋಣ ಎಂದು ಕೇಳಿಕೊಂಡೆ: ಡಿಸೆಂಬರ್‌ನಿಂದ ಹಿಂದಕ್ಕೆ ತಿಂಗಳುಗಳ ಹೆಸರು ಹೇಳಿಸುವುದು, ತಿಂಗಳು ಬಾರದವರಿಗೆ ವಾರದ ದಿನಗಳು. ಮಂಕಾದ ಸನ್ನಿಯಲ್ಲಿ ಮೊದಲು ಕೆಡುವುದು ಗಮನ. "ಹೂಂ" ಅನ್ನುವವರು ಇಲ್ಲಿ ಸಿಕ್ಕಿಬೀಳುತ್ತಾರೆ. "ಇದಕ್ಕೆ ಸಮಯ ಎಲ್ಲಿದೆ ಸಿಸ್ಟರ್?" ಎಂದು ಮೇಡಂ ಕೇಳಿದ್ದು ನ್ಯಾಯವೇ. ಗಡಿಯಾರ ಇಟ್ಟುಕೊಂಡು ಅವರೆದುರೇ ಒಬ್ಬ ರೋಗಿಗೆ ಮಾಡಿ ತೋರಿಸಿದೆ, ಒಂದು ನಿಮಿಷಕ್ಕಿಂತ ಕಡಿಮೆ ಹಿಡಿಯಿತು. ಇಲ್ಲಿ ಒಂದು ಎಚ್ಚರಿಕೆ: ಇಂಥದ್ದನ್ನು ವಾರ್ಡಿನ ಸುಧಾರಣೆಯಾಗಿ ಮಾಡುವುದು ಬೇರೆ, ಸಂಶೋಧನೆ ಎಂದು ರೋಗಿಗಳ ಮಾಹಿತಿ ಕೂಡಿಹಾಕುವುದು ಬೇರೆ. ಎರಡನೆಯದಕ್ಕೆ ಸಂಶೋಧನೆಯ ನೈತಿಕತೆ ನೋಡುವ ಸಮಿತಿಯ ಒಪ್ಪಿಗೆ ಬೇಕೇ ಬೇಕು. ಯಾವುದು ಯಾವುದೆಂದು ಟ್ಯೂಟರ್‌ರನ್ನೂ ಆಸ್ಪತ್ರೆಯನ್ನೂ ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳಿ.

ನಮ್ಮ ಗುಂಪಿನಲ್ಲಿ ನರ್ಸ್‌ಗಳಷ್ಟೇ ಇರಲಿಲ್ಲ. ಒಬ್ಬ ಫಿಸಿಯೋಥೆರಪಿಸ್ಟ್, ವೃದ್ಧಾಶ್ರಮ ನಡೆಸುವ ಒಬ್ಬರು, ಆಸ್ಪತ್ರೆಯ ಸಮಾಜ ಕಾರ್ಯಕರ್ತೆ ಒಬ್ಬರು ಇದ್ದರು. ಹದಿನೈದು ದಿನಕ್ಕೊಮ್ಮೆ ವಿಡಿಯೊದಲ್ಲಿ ಸೇರುತ್ತಿದ್ದೆವು. ಸಮಾಜ ಕಾರ್ಯಕರ್ತೆ ಒಂದು ದಿನ ಹೇಳಿದರು: "ಸಿಸ್ಟರ್, ನೀವು 'ಡಿಸ್ಚಾರ್ಜ್‌ಗೆ ಫಿಟ್' ಅಂತ ಬರೆದಾಗ ನಿಮ್ಮ ಕೆಲಸ ಮುಗಿಯುತ್ತೆ, ನಂದು ಶುರುವಾಗುತ್ತೆ. ಆ ಮನೇಲಿ ರಾತ್ರಿ ಅವರ ಜೊತೆ ಮಲಗೋರು ಯಾರು ಅಂತ ನಿಮ್ಮ ಕೇಸ್ ಶೀಟಲ್ಲಿ ಎಲ್ಲೂ ಇರಲ್ಲ." ಸನ್ನಿಯ ಮಂಕು ವಾರಗಟ್ಟಲೆ ಉಳಿಯಬಹುದು ಎಂದು ನಾನು ಓದಿದ್ದೆ. ಆದರೂ ಮನೆಗೆ ಕಳುಹಿಸುವಾಗ ಆ ಪ್ರಶ್ನೆ ಕೇಳಿರಲಿಲ್ಲ. ಈಗ ಭರ್ತಿಯಾದ ಮೊದಲ ದಿನವೇ ಕೇಳುತ್ತೇನೆ. ಬ್ರಿಟನ್ನಿನ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿ, ನಂತರ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿ, 1957ರಲ್ಲಿ ವೈದ್ಯೆಯಾಗಿ, 1967ರಲ್ಲಿ ಲಂಡನ್ನಿನಲ್ಲಿ ಸಾವಿನ ಹತ್ತಿರವಿರುವವರ ಆರೈಕೆಗೆ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೀಸ್ ತೆರೆದರು. ನೋವು ಎಂದರೆ ಮೈಯದು ಮಾತ್ರವಲ್ಲ, ಮನಸ್ಸಿನದು, ಸಂಸಾರದ್ದು, ನಂಬಿಕೆಯದೂ ಹೌದು ಎಂದು ಅವರು ಹೇಳಲು ಸಾಧ್ಯವಾದದ್ದು ಮೂರು ಕಡೆಯಿಂದಲೂ ರೋಗಿಯ ಪಕ್ಕ ಕೂತಿದ್ದಕ್ಕೇ ಇರಬೇಕು. ನಮಗೆ ಒಬ್ಬೊಬ್ಬರಿಗೂ ಮೂರು ಕೆಲಸ ಕಲಿಯಲು ಆಗುವುದಿಲ್ಲ. ಬೇರೆ ಬೇರೆ ಕೆಲಸದವರು ಒಟ್ಟಿಗೆ ಓದುವ ಕೋರ್ಸ್ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ ಎಂದು ಬಲವಾಗಿ ಹೇಳುತ್ತೇನೆ.

ಎರಡನೆಯ ವರ್ಷ ಮನೆಯಲ್ಲಿ ಕಾಯಿಲೆ ಬಂತು, ಆರು ತಿಂಗಳು ಓದು ನಿಲ್ಲಿಸಿದೆ. ನಿಲ್ಲಿಸುವ ಮುಂಚೆ ಅರ್ಜಿ ಕೊಟ್ಟಿದ್ದರಿಂದ ಏನೂ ಕಳೆದುಕೊಳ್ಳಲಿಲ್ಲ. ಗಡುವು ದಾಟಿದ ಮೇಲೆ ಕೇಳಿದ ಗೆಳತಿಯೊಬ್ಬರು ಒಂದು ಮಾಡ್ಯೂಲನ್ನು ಮತ್ತೆ ಮಾಡಬೇಕಾಯಿತು.

ಕೊನೆಯ ಪ್ರಬಂಧಕ್ಕೆ ರೋಗಿಗಳನ್ನು ಸಂದರ್ಶಿಸುವ ಆಸೆ ಇತ್ತು. ಸಮಿತಿಯ ಒಪ್ಪಿಗೆಗೆ ಹಿಡಿಯುವ ಕಾಲ ಲೆಕ್ಕ ಹಾಕಿ, ಪ್ರಕಟವಾದ ಅಧ್ಯಯನಗಳ ವಿಮರ್ಶೆಯನ್ನೇ ಆರಿಸಿಕೊಂಡೆ. ಸಾವಿರಕ್ಕೂ ಹೆಚ್ಚು ಶೀರ್ಷಿಕೆ ನೋಡಿ, ಜರಡಿ ಹಿಡಿದು, ಕೊನೆಗೆ ಉಳಿದದ್ದು 17. ಯಾವುದನ್ನು ಏಕೆ ಬಿಟ್ಟೆ ಎಂದು ಅಂದಂದೇ ಬರೆದಿಟ್ಟದ್ದು ಒಂದೇ ನನ್ನನ್ನು ಉಳಿಸಿತು.

ಆ 17ರಲ್ಲಿ ನರ್ಸ್‌ಗಳ ಕಣ್ಣಿಗೆ ಬೀಳದ್ದು ಮನೆಯವರ ಕಣ್ಣಿಗೆ ಬಿದ್ದ ಪ್ರಸಂಗಗಳು ಮತ್ತೆ ಮತ್ತೆ ಬಂದವು. "ಇವರು ಇತ್ತೀಚೆಗೆ ಎಂದಿಗಿಂತ ಗೊಂದಲದಲ್ಲಿದ್ದಾರೆ ಅನಿಸುತ್ತಾ?" ಎಂದು ಮನೆಯವರನ್ನು ಕೇಳುವ ಒಂದೇ ಪ್ರಶ್ನೆಯ ಪರೀಕ್ಷೆಯೂ ಇದೆ. ಪ್ರಬಂಧ ಒಪ್ಪಿಸಿದ ಮರುವಾರ ಅದನ್ನು ವಾರ್ಡಿಗೆ ತಂದೆವು. ಭೇಟಿಗೆ ಬಂದವರು ಕೂರುವ ಕುರ್ಚಿಯ ಎದುರು ಗೋಡೆಗೆ ಈಗ ಒಂದು ಹಾಳೆ ಇದೆ. ಅದರ ಮಾತುಗಳನ್ನು ಮೂರು ಸಲ ತಿದ್ದಿದೆವು. "ಗೊಂದಲ" ಎಂಬ ಪದ ಬಿಟ್ಟೆವು, ಮಂಕಾದವರನ್ನು ನೋಡಿ ಯಾರೂ ಗೊಂದಲ ಅನ್ನುವುದಿಲ್ಲ. ಹಾಳೆಯಲ್ಲಿ ಹೀಗಿದೆ: "ನಿಮ್ಮವರು ಎಂದಿನ ಹಾಗಿಲ್ಲ ಅನಿಸಿದರೆ ದಯವಿಟ್ಟು ಈಗಲೇ ಸಿಸ್ಟರ್‌ಗೆ ಹೇಳಿ. ತುಂಬ ಸುಮ್ಮನಿದ್ದರೂ ಹೇಳಿ."