ಅಮ್ಮನ ಸಾವಿಗೆ ನಾಯಿಮರಿ ಪದ್ಯ: ನನ್ನ ಅನುಭವ

ಅಮ್ಮನನ್ನು ಕಳಿಸುವಾಗ ಜಿ.ಪಿ. ರಾಜರತ್ನಂ ಅವರ ನಾಯಿಮರಿ ಪದ್ಯ ಓದುತ್ತೇನೆ ಅಂದಾಗ ಚಿಕ್ಕಪ್ಪ ಕೇಳಿದ್ದು ಒಂದೇ ಮಾತು: "ಬೊಗಳೋ ಸಾಲೂ ಓದ್ತೀಯಾ?" ಓದಿದೆ. ಎಲ್ಲಕ್ಕಿಂತ ಜಾಸ್ತಿ ದನಿ ಸೇರಿದ್ದು ಆ ಸಾಲಿಗೇ. ಅದಕ್ಕೆ ಮೊದಲು ಎರಡು ಸಲ ಕೈ ಸುಟ್ಟುಕೊಂಡಿದ್ದೆ.

ಶಾಸ್ತ್ರ ಬೇಡ ಅಂತ ತೀರ್ಮಾನಿಸಿದ ಮನೆಯವರಿಗೆ ಉಳಿದದ್ದೆಲ್ಲ ಗೊತ್ತೇ ಇರುತ್ತದೆ. ಫ್ರೀಜರ್ ಪೆಟ್ಟಿಗೆ, ಆಂಬುಲೆನ್ಸ್, ಚಿತಾಗಾರದ ಟೈಮು, ಕಣ್ಣು ಕೊಡುವುದಾದರೆ ಆರು ಗಂಟೆಯೊಳಗೆ ಫೋನು. ಎಡವುವುದು ಓದಿನಲ್ಲಿ. ಮದುವೆಗಾದರೆ ಕುವೆಂಪು, ಪುರೋಹಿತರಿಲ್ಲದೆ ಓದಿಕೊಳ್ಳೋ ಮಂತ್ರ ಮಾಂಗಲ್ಯ ಮಾಡಿಟ್ಟಿದ್ದಾರೆ. 1966ರಲ್ಲಿ ತೇಜಸ್ವಿಯವರ ಮದುವೆ ಆದದ್ದೂ ಹಾಗೇ. ಸಾವಿಗೆ ಅಂಥ ರೆಡಿ ಪುಸ್ತಕ ನನ್ನ ಕೈಗೆ ಸಿಕ್ಕಿಲ್ಲ.

ಮೊದಲ ಸೋಲು 2016ರಲ್ಲಿ, ಮಾವನವರಿಗೆ. ಶಿವರುದ್ರಪ್ಪನವರ 'ಕಾಣದ ಕಡಲಿಗೆ' ಆರಿಸಿದ್ದೆ. ಒಳ್ಳೇ ಪದ್ಯ, ದೇವರ ಹೆಸರಿಲ್ಲ, ಇನ್ನೇನು ಬೇಕು ಅಂದುಕೊಂಡೆ. ಇನ್ನೂರು ಪ್ರತಿ ಹಾಕಿಸಿದ್ದಕ್ಕೆ 1,800 ರೂಪಾಯಿ, ಮೈಕಿಗೆ ಎರಡು ಸಾವಿರದ ಹತ್ತಿರ. ಓದಲು ಶುರು ಮಾಡಿದ ಅರ್ಧ ನಿಮಿಷಕ್ಕೆ ತಪ್ಪು ಗೊತ್ತಾಯಿತು. ಎಲ್ಲರ ಕಿವಿಯಲ್ಲೂ ಸಿ. ಅಶ್ವಥ್ ಹಾಡುತ್ತಿದ್ದರು. ಹಿಂದಿನ ಸಾಲಿನಲ್ಲಿ ಒಬ್ಬರು ಗುನುಗಿದರು ಕೂಡ. ನನ್ನ ಓದು ಕೆಟ್ಟ ಗಾಯಕನ ಹಾಡಿನಂತೆ ಕೇಳಿಸಿತು. ಮೈಕು ಬೇರೆ ಕಿರ್ ಅಂತಿತ್ತು. ಹಾಕಿಸಿದ ಹಾಳೆಗಳನ್ನು ಜನ ಬೀಸಣಿಗೆ ಮಾಡಿಕೊಂಡರು. ಏಪ್ರಿಲ್ ತಿಂಗಳು, ತಪ್ಪೇನಿಲ್ಲ ಬಿಡಿ.

ಎರಡನೆಯದು ನಮ್ಮ ಆಫೀಸಿನ ಗೆಳೆಯನಿಗೆ. ವಚನ ಓದೋಣ ಅಂದರು, ಆದರೆ ಕೊನೆಗೆ ಅಂಕಿತ ಅಂತ ದೇವರ ಹೆಸರು ಬರುತ್ತದಲ್ಲ! ಅಂಕಿತ ಕತ್ತರಿಸಿ ಓದಿದೆ. ಸೂರು ತೆಗೆದ ಮನೆ ಹಾಗಾಯಿತು. ಎಲ್ಲಿ ಮುಗಿಯಿತು ಅಂತ ಯಾರಿಗೂ ತಿಳಿಯಲಿಲ್ಲ, ಎಲ್ಲರೂ ನನ್ನ ಮುಖವನ್ನೇ ನೋಡುತ್ತಾ ನಿಂತರು. ಅದೂ ವಿದ್ಯುತ್ ಚಿತಾಗಾರದ ಒಳಗೆ, ಬ್ಲೋವರ್ ಸದ್ದಿನ ಮಧ್ಯೆ. ಚಿತಾಗಾರದಲ್ಲಿ ಯಾವತ್ತೂ ಓದಬೇಡಿ. ಮನೆ ಮುಂದೆಯೇ, ಎತ್ತುವ ಮುಂಚೆ ಮುಗಿಸಿ.

ಅಮ್ಮ ಪಾಂಡವಪುರ ಕಡೆಯ ಸರ್ಕಾರಿ ಶಾಲೆಗಳಲ್ಲಿ ಮೂವತ್ತು ಚಿಲ್ಲರೆ ವರ್ಷ ಒಂದರಿಂದ ನಾಲ್ಕನೇ ಕ್ಲಾಸಿಗೆ ಪಾಠ ಮಾಡಿದವರು. 2019ರ ಜೂನ್‌ನಲ್ಲಿ ಗಿರೀಶ ಕಾರ್ನಾಡರು ತೀರಿಕೊಂಡಾಗ ಯಾವ ವಿಧಿಯೂ ಇಲ್ಲದೆ, ಸರ್ಕಾರಿ ಗೌರವವೂ ಇಲ್ಲದೆ ಅಂತ್ಯಕ್ರಿಯೆ ಆಯಿತಲ್ಲ, ಅದನ್ನು ಟಿ.ವಿ.ಯಲ್ಲಿ ನೋಡಿ, "ನಂಗೂ ಹಿಂಗೇ ಮಾಡಿ, ಆದ್ರೆ ಸುಮ್ನೆ ಮೂಕರ ಥರ ಕಳಿಸಬೇಡಿ" ಅಂದಿದ್ದರು. ಆ ಎರಡನೇ ಅರ್ಧವೇ ನನ್ನ ತಲೆ ತಿಂದದ್ದು.

ಹುಡುಕಾಟದಲ್ಲಿ ಒಂದು ಪರೀಕ್ಷೆ ಮಾಡಿಕೊಂಡೆ. ಅಡುಗೆಮನೆಯಲ್ಲಿ ಮಿಕ್ಸಿ ಹಾಕಿ, ಹೆಂಡತಿಯನ್ನು ಹಾಲ್‌ನಲ್ಲಿ ಕೂರಿಸಿ ಓದುವುದು. ಸಾವಿನ ಮನೆಯಲ್ಲಿ ಅಳು, ಗಾಡಿ ಸದ್ದು, ಫೋನು ಎಲ್ಲ ಇರುತ್ತವೆ. ಮಿಕ್ಸಿ ದಾಟಿ ಅರ್ಥವಾದರೆ ಮಾತ್ರ ಪಾಸು. ಮಂಕುತಿಮ್ಮನ ಜಟಕಾಬಂಡಿ ಫೇಲು. ಅದರಲ್ಲಿ ಮಸಣ ಇದೆ ನಿಜ, ಆದರೆ ಗಾಡಿ ಹೊಡೆಯುವವನು ವಿಧಿ. ಅಮ್ಮ ವಿಧಿಗೆ ಲಗಾಮು ಕೊಡುವವರಲ್ಲ. ಬೇಂದ್ರೆಯವರ 'ನೀ ಹೀಂಗ ನೋಡಬ್ಯಾಡ' ಓದಲು ಹೋಗಿ ನಾನೇ ಕುಸಿದೆ. ಮಗುವನ್ನು ಕಳೆದುಕೊಂಡವರ ಪದ್ಯ ಅದು, ವಯಸ್ಸಾಗಿ ಹೋದವರಿಗೆ ತೂಕ ಜಾಸ್ತಿ. ಅಮ್ಮನ ದನಿಯ ಹಳೇ ರೆಕಾರ್ಡಿಂಗ್ ಹಾಕಿ ನೋಡಿದೆ. "ಗ್ಯಾಸ್ ಆಫ್ ಮಾಡಿದ್ಯಾ" ಅಂತ ಇತ್ತು. ಅದನ್ನು ಅಲ್ಲಿಗೇ ಬಿಟ್ಟೆ.

ಕೊನೆಯ ತಿಂಗಳಲ್ಲಿ ಅಮ್ಮನಿಗೆ ಹೆಸರುಗಳು ಮರೆಯುತ್ತಿದ್ದವು. ಒಬ್ಬ ಹಳೇ ವಿದ್ಯಾರ್ಥಿ ನೋಡಲು ಬಂದ. ಐವತ್ತರ ಮೇಲಿರಬೇಕು, ಟ್ರ್ಯಾಕ್ಟರ್ ರಿಪೇರಿ ಮಾಡುವವನು, ಉಗುರಲ್ಲಿ ಗ್ರೀಸು. ಅಮ್ಮ ಅವನ ಮುಖ ನೋಡಿದರು, ಗುರುತು ಸಿಗಲಿಲ್ಲ. ಒಂದು ನಿಮಿಷ ಬಿಟ್ಟು, ನಾಯಿಮರಿ, ತಿಂಡಿ ಬೇಕೇ ಅಂತ ಕೇಳಿದರು. ಆತ ಎದ್ದು ನಿಂತು ಕೈ ಕಟ್ಟಿಕೊಂಡು ಉತ್ತರ ಹೇಳಿದ. ಪೂರ್ತಿ.

ಆಗ ಹೊಳೆಯಿತು. ಶಾಸ್ತ್ರದಲ್ಲಿ ಬಂದವರಿಗೆ ಏನಾದರೂ ಕೆಲಸ ಇರುತ್ತದೆ. ಬಾಯಿಗೆ ಅಕ್ಕಿ ಹಾಕು, ನೀರು ಬಿಡು, ಸುತ್ತು ಬಾ. ನಾನು ಅದನ್ನೆಲ್ಲ ಕಿತ್ತುಹಾಕಿ, ಜನರನ್ನು ನಿಲ್ಲಿಸಿ ಕವಿತೆ ಕೇಳಿ ಅಂತಿದ್ದೆ. ಈ ಪದ್ಯ ಪ್ರಶ್ನೆ-ಉತ್ತರ. ನಾನು ಕೇಳಿದರೆ ಸಾಕು, ಉತ್ತರ ಅವರದು.

ವಿರೋಧ ಎರಡೂ ಕಡೆಯಿಂದ ಬಂತು. ಚಿಕ್ಕಪ್ಪನಿಗೆ ಇದು ಹುಡುಗಾಟ. ನಮ್ಮ ವಿಚಾರವಾದಿ ಗೆಳೆಯರೊಬ್ಬರಿಗೆ ಎರಡನೇ ಸಾಲಿನಲ್ಲಿ 'ತೀರ್ಥ' ಇದೆಯಲ್ಲ ಅನ್ನೋ ತಕರಾರು! ನಾಯಿಮರಿ ಕೇಳೋ ತೀರ್ಥಕ್ಕೆ ಯಾವ ಧರ್ಮ ಸ್ವಾಮಿ ಅಂದೆ.

2023ರ ಆ ಬೆಳಗ್ಗೆ ಸುಮಾರು ನೂರೈವತ್ತು ಜನ ಇದ್ದರು. ನಲವತ್ತು ಮಂದಿ ಅಮ್ಮನ ಶಾಲೆಯವರು. ಮೈಕಿಲ್ಲ, ಹಾಳೆ ಇಲ್ಲ. ರಾಗ ಎಳೆಯದೆ, ಕ್ಲಾಸಿನಲ್ಲಿ ಕೇಳಿದ ಹಾಗೆ ಕೇಳಿದೆ. ಮೊದಲ ಉತ್ತರ ಕೊಡಲು ಒಬ್ಬರನ್ನು ಒಪ್ಪಿಸಿದ್ದೆ. ಅವರು ಯಾರಾಗಿರಬೇಕು, ಎಲ್ಲಿ ನಿಂತಿರಬೇಕು ಅನ್ನೋದು ನನ್ನ ಹತ್ತಿರವೇ ಇರಲಿ. ಅದು ತಪ್ಪಿದರೆ ಎಲ್ಲ ತಪ್ಪುತ್ತದೆ. ಎರಡನೇ ಪ್ರಶ್ನೆಗೆ ಬೀದಿಯೆಲ್ಲ ಉತ್ತರ ಹೇಳಿತು. ಆಂಬುಲೆನ್ಸ್ ಡ್ರೈವರ್ ಹಿಂದಿನ ಬಾಗಿಲು ಹಿಡಿದುಕೊಂಡೇ ಬೊಗಳಿದ. ಕೆಲವರು ನಕ್ಕರು. ಕೊನೆಗೆ ಮರಿ, ನಿನ್ನ ಮನೆ ನಾನು ಕಾಯುತ್ತೇನೆ ಅನ್ನುತ್ತದೆ. ಬಾಯಿಪಾಠ ಇದ್ದರೂ ಆ ಸಾಲನ್ನು ನಾನು ಯೋಚಿಸಿಯೇ ಇರಲಿಲ್ಲ. ಶಾಲೆಯವರು ಹೇಳಿ ಮುಗಿಸಿದರು, ನನ್ನ ಗಂಟಲು ಹೊರಡಲಿಲ್ಲ. ಎಲ್ಲ ಸೇರಿ ಎರಡು ನಿಮಿಷವೂ ಇಲ್ಲ.

ಖರ್ಚು ಪೆಟ್ಟಿಗೆ, ಗಾಡಿ, ಹೂವು ಸೇರಿ ಹನ್ನೊಂದು-ಹನ್ನೆರಡು ಸಾವಿರ. ಹದಿಮೂರು ದಿನದ್ದಕ್ಕೆ ಚಿಕ್ಕಪ್ಪ ತಂದಿದ್ದ ಲೆಕ್ಕ ಅರವತ್ತು ದಾಟಿತ್ತು. ಉಳಿದದ್ದರಲ್ಲಿ ಅಮ್ಮನ ಶಾಲೆಗೆ ಎರಡು ಬೀರು ಹೋದವು. ಚಿಕ್ಕಪ್ಪ ಈಗ ಇದು ತಮ್ಮದೇ ಐಡಿಯಾ ಅಂತ ಹೇಳಿಕೊಂಡು ತಿರುಗುತ್ತಾರೆ.

ಕಳೆದ ವರ್ಷ ಪಕ್ಕದ ಬೀದಿಯ ನಿವೃತ್ತ ಕಂಡಕ್ಟರ್ ಒಬ್ಬರಿಗೆ ಮೈಸೂರು-ಬೆಂಗಳೂರು ರೂಟಿನ ಸ್ಟಾಪುಗಳನ್ನೇ ಓದಿದೆ. ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಚನ್ನಪಟ್ಟಣ. ಒಂದೊಂದಕ್ಕೂ ಅವರ ಡಿಪೋದವರು "ರೈಟ್" ಅನ್ನಬೇಕು. ಚೆನ್ನಾಗೇ ಹೋಗುತ್ತಿತ್ತು. ರಾಮನಗರ ಆದ ಮೇಲೆ ನಾನು ಕೆಂಗೇರಿ ಅಂದೆ. ಯಾರೂ ರೈಟ್ ಅನ್ನಲಿಲ್ಲ. ಹಿಂದಿನಿಂದ ಒಬ್ಬರು ಮುದುಕರು, "ಬಿಡದಿ ಬಿಟ್ರಿ, ಹಿಂದಕ್ಕೆ ಹೋಗಿ" ಅಂದರು.