ಬೇಸಿಗೆಲಿ ನಂದಿ ಬೆಟ್ಟದ ಸೈಕಲ್, ಚಳಿಗಾಲಕ್ಕೆ ಗುಲ್ಮಾರ್ಗ್: ನನ್ನ ಅನುಭವ

ಚಿಕ್ಕಬಳ್ಳಾಪುರದಲ್ಲಿ ಇದ್ಕೊಂಡು ಕ್ರಾಸ್ ಕಂಟ್ರಿ ಸ್ಕೀಯಿಂಗ್‌ಗೆ (ಕಾಲಿಗೆ ಉದ್ದನೆ ಪಟ್ಟಿ ಕಟ್ಕೊಂಡು, ಕೈಯಲ್ಲಿ ಪೋಲ್ ಅನ್ನೋ ಕೋಲು ಊರ್ತಾ ಹಿಮದ ಮೇಲೆ ದೂರ ಜಾರ್ತಾ ಹೋಗೋ ಆಟ) ಹೆಂಗೆ ರೆಡಿ ಆಗ್ತೀಯಮ್ಮ ಅಂತ ಸೈಕಲ್ ತುಳಿಯೋ ಸ್ನೇಹಿತರು ಕೇಳ್ತಾನೇ ಇರ್ತಾರೆ, ಅದಕ್ಕೇ ಬರೀತಿದೀನಿ.

ದಮ್ಮು ಒಂದು ಆಟದಿಂದ ಇನ್ನೊಂದಕ್ಕೆ ಬರುತ್ತೆ, ಕೈ ಬಲ ಬರಲ್ಲ. ನಂದಿ ಏರು ತುಳಿದು ತುಳಿದು ಎದೆ, ತೊಡೆ ಗಟ್ಟಿಯಾಗಿರುತ್ತೆ, ಅದು ಹಿಮದ ಮೇಲೂ ಕೆಲಸಕ್ಕೆ ಬರುತ್ತೆ. ಆದ್ರೆ ಡಬಲ್ ಪೋಲಿಂಗ್ ಅಂತ ಇದ್ಯಲ್ಲ, ಎರಡೂ ಪೋಲ್ ಒಟ್ಟಿಗೆ ಊರಿ ಮೈನ ಮುಂದಕ್ಕೆ ತಳ್ಳೋದು, ಅದಕ್ಕೆ ತೋಳಿನ ಹಿಂಭಾಗ, ಬೆನ್ನು, ಹೊಟ್ಟೆ ಎಲ್ಲಾ ದುಡೀಬೇಕು, ಬರೀ ಸೈಕಲ್ ತುಳಿಯೋರಿಗೆ ಅಲ್ಲಿ ಶಕ್ತಿ ಸಾಲಲ್ಲ. ಹಂಗಾಗಿ ಸೈಕಲ್ ಸೀಸನ್ನಲ್ಲೂ ಪುಲ್ ಅಪ್, ರಬ್ಬರ್ ಬ್ಯಾಂಡ್ ಎಳೆಯೋದು ನಾನು ಬಿಡಲ್ಲ.

ಮಳೆ ನಿಂತ್ಮೇಲೆ ರೋಡಲ್ಲೇ ಸ್ಕೀ ಅಭ್ಯಾಸ ಮಾಡೋ ರೋಲರ್ ಸ್ಕೀ ಶುರು. ಉದ್ದನೆ ಪಟ್ಟಿ, ಹಿಂದೆ ಮುಂದೆ ಚಕ್ರ, ಶೂ ಮುಂದಿನ ತುದಿ ಮಾತ್ರ ಲಾಕ್ ಆಗುತ್ತೆ, ಹಿಮ್ಮಡಿ ಎದ್ದೇಳುತ್ತೆ. ನನ್ನ ರೋಲರ್ ಸ್ಕೀಗೆ ಬ್ರೇಕ್ ಇಲ್ಲ, ಅದಕ್ಕೇ ಏರು ಮಾತ್ರ ಮಾಡೋದು, ಇಳಿಯೋಕೆ ತಮ್ಮ ಬೈಕ್ ತರ್ತಾನೆ. ವೀಕೆಂಡಲ್ಲಿ ನಂದಿ ರಸ್ತೆಲಿ ಬೆಂಗಳೂರು ಕಾರುಗಳು ತುಂಬಿರುತ್ವೆ, ಆ ಕಡೆ ತಲೆನೂ ಹಾಕಲ್ಲ, ವಾರದ ದಿನ ಬೆಳಗ್ಗೆ ಹಳ್ಳಿ ರಸ್ತೆ ಹಿಡೀತೀನಿ. "ಏನಮ್ಮ, ಕಾಲಿಗೆ ಚಕ್ರ ಕಟ್ಕೊಂಡು ಎಲ್ಲಿಗೆ?" ಅಂತ ಹೂವಿನ ಗಾಡಿ ನಿಲ್ಸಿ ಕೇಳೋ ಅಣ್ಣಂದಿರಿಗೆಲ್ಲ ವಿವರಿಸಿ ಹೇಳೋದು ನಂಗೆ ಖುಷಿನೇ. ಪೋಲ್ ತುದಿ ಟಾರಿಗೆ ತಾಗಿ ಮೊಂಡಾಗುತ್ತೆ, ಆಗಾಗ ಚೂಪು ಮಾಡ್ಕೊಳ್ಳಿ, ಇಲ್ಲಾಂದ್ರೆ ಊರಿದಾಗ ಜಾರುತ್ತೆ. ರೋಲರ್ ಸ್ಕೀ ತಗೊಳ್ಳೋಕೆ ದುಡ್ಡಿಲ್ಲ ಅಂದ್ರೆ ಬರೀ ಪೋಲ್ ಹಿಡ್ಕೊಂಡು ಏರಲ್ಲಿ ದೊಡ್ಡ ದೊಡ್ಡ ಹೆಜ್ಜೆ ಹಾಕಿ ಹಾರ್ತಾ ಓಡಿ, ಅದೂ ಒಳ್ಳೆ ತಯಾರಿನೇ.

ಇದೆಲ್ಲಾ ನಮ್ಮಂಥೋರಿಗೆ ಆಗೋದಲ್ಲ ಅನ್ನೋರಿಗೆ ನಾನು ಪೂರ್ವ ಜರ್ಮನಿಯ ಕ್ರಿಸ್ಟಾ ಲುಡಿಂಗ್ ಹೆಸರು ಹೇಳ್ತೀನಿ. 1988ರಲ್ಲಿ ಕ್ಯಾಲ್ಗರಿ ಚಳಿಗಾಲದ ಒಲಿಂಪಿಕ್ಸಲ್ಲಿ ಸ್ಪೀಡ್ ಸ್ಕೇಟಿಂಗ್ (ಮಂಜುಗಡ್ಡೆ ಮೇಲೆ ಜಾರೋ ಓಟ) ಚಿನ್ನ, ಅದೇ ವರ್ಷ ಸಿಯೋಲ್ ಒಲಿಂಪಿಕ್ಸಲ್ಲಿ ಸೈಕ್ಲಿಂಗ್ ಸ್ಪ್ರಿಂಟ್ ಬೆಳ್ಳಿ. ಎರಡರಲ್ಲೂ ಬೇಕಾಗಿದ್ದು ಅದೇ ತೊಡೆ, ಅದೇ ಸ್ಫೋಟಕ ವೇಗ. ಕೆನಡಾದ ಕ್ಲಾರಾ ಹ್ಯೂಸ್ ಕೂಡ ಸೈಕಲ್ಲಲ್ಲೂ ಸ್ಕೇಟಿಂಗಲ್ಲೂ ಒಲಿಂಪಿಕ್ ಮೆಡಲ್ ಗೆದ್ದೋರು. ಅಷ್ಟು ದೂರ ಯಾಕೆ, ನಮ್ಮ ಕೊಡಗಿನ ಭವಾನಿ ಖೇಲೋ ಇಂಡಿಯಾ ವಿಂಟರ್ ಗೇಮ್ಸಲ್ಲಿ ಸ್ಕೀಯಿಂಗ್ ಮೆಡಲ್ ತಂದಿದಾರೆ, ಅವ್ರನ್ನ ನೋಡೇ ನಂಗೆ ಧೈರ್ಯ ಬಂದಿದ್ದು.

ನಾನು ಸ್ಕೀಯಿಂಗ್‌ಗೆ ಹೋಗೋ ಕಾಶ್ಮೀರದ ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರ, ನಮ್ಮೂರು 900ರ ಆಸುಪಾಸು. ಮೊದಲ ದಿನಗಳಲ್ಲಿ ನಿಧಾನಕ್ಕೆ ಹೋದ್ರೂ ಎದೆಬಡಿತ ಏರಿರುತ್ತೆ, ಆಗ ಟೈಮ್ ನೋಡಲೇಬೇಡಿ. ಇಳಿಜಾರಲ್ಲಿ ಸ್ಕೀಗಳ ಹಿಂಭಾಗ ಅಗಲಿಸಿ ವೇಗ ತಗ್ಗಿಸೋದನ್ನ ರೋಡಲ್ಲಿ ಸರಿಯಾಗಿ ಕಲಿಯೋಕಾಗಲ್ಲ, ಅಲ್ಲಿಗೆ ಹೋದ್ಮೇಲೆ ಎಲ್ಲಕ್ಕಿಂತ ಮೊದಲು ಅದನ್ನೇ ಕಲೀರಿ. ಫ್ಲಾಸ್ಕಲ್ಲಿ ಬಿಸಿನೀರು ಇಟ್ಕೊಳ್ಳಿ, ಬಾಟಲ್ ನೀರು ಗಡ್ಡೆ ಕಟ್ಟುತ್ತೆ.

ವಾಪಸ್ ಬಂದ್ಮೇಲೆ ನೇರ ಮಾರ್ಚ್ ಬಿಸಿಲಿಗೆ ಇಳೀಬೇಡಿ. ನಾನು ಮೊದಲು ಬೆಳಗಿನ ತಂಪಲ್ಲಿ ತುಳಿದು, ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಲೇಟಾಗಿ ಹೊರಟು ಮೈಗೆ ಬಿಸಿಲು ಅಭ್ಯಾಸ ಮಾಡಿಸ್ತೀನಿ, ಉಪ್ಪು ಹಾಕಿದ ಮಜ್ಜಿಗೆ ಜೊತೆಗೇ ಇರುತ್ತೆ.