ಗೆಡ್ಡೆಯ ತೊಟ್ಟು ಹುಡುಕಿದ ಕತೆ

ನಲವತ್ತರ ಆಸುಪಾಸಿನ ಹೆಂಗಸು. ಮೆಟ್ಟಿಲು ಹತ್ತಿದರೆ ಏದುಸಿರು, ಒಮ್ಮೆ ಬಗ್ಗಿ ಏಳುವಾಗ ತಲೆ ಸುತ್ತಿ ಬಿದ್ದಿದ್ದರಂತೆ. ಹೃದಯದ ಎಡಗಡೆಯ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವಿನ ಮೈಟ್ರಲ್ ಕವಾಟ ಕಿರಿದಾಗಿರಬೇಕು ಎಂದು ನನ್ನ ಬಳಿ ಎಕೋಗೆ, ಅಂದರೆ ಹೃದಯದ ಅಲ್ಟ್ರಾಸೌಂಡ್‌ಗೆ, ಕಳಿಸಿದ್ದರು.

ಎಡ ಮಗ್ಗುಲಿಗೆ ಮಲಗಿಸಿ ಪ್ರೋಬ್ ಇಟ್ಟೆ. ಕವಾಟದ ಎಸಳುಗಳು ತೆಳ್ಳಗೆ, ಚೊಕ್ಕಟವಾಗಿದ್ದವು. ಆದರೆ ಮೇಲಿನ ಕೋಣೆಯಾದ ಎಡ ಹೃತ್ಕರ್ಣದಲ್ಲಿ ಮೆತ್ತನೆಯ ಉಂಡೆಯೊಂದು ಕವಾಟ ತೆರೆದಾಗಲೆಲ್ಲ ಕೆಳಗಿನ ಹೃತ್ಕುಕ್ಷಿಗೆ ಜಾರುತ್ತಿತ್ತು, ಹೃದಯ ಹಿಂಡಿದಾಗ ವಾಪಸ್ ಹೋಗುತ್ತಿತ್ತು. ಒಂದೇ ನೇರದಲ್ಲಿನ ಚಲನೆಯನ್ನು ಗೆರೆಗಳಾಗಿ ಬರೆಯುವ ಎಂ-ಮೋಡ್ ಹಾಕಿದೆ. ಮುಂದಿನ ಎಸಳು ತೆರೆದ ಮೇಲೆ ಅದರ ಹಿಂದೆ ಅರೆಕ್ಷಣ ಕಪ್ಪು, ಆಮೇಲೆ ಬೂದು ಗೆರೆಗಳ ಗುಂಪು. ಗೆಡ್ಡೆ ಬಂದು ಕೂರಲು ಹಿಡಿಯುವ ಹೊತ್ತು ಅದು. 1959ರಲ್ಲಿ ಜರ್ಮನಿಯ ಎಫರ್ಟ್ ಮತ್ತು ಡೊಮಾನಿಗ್ ಹೃತ್ಕರ್ಣದ ಗೆಡ್ಡೆಯ ಬಗ್ಗೆ ಬರೆದಾಗ ಅವರ ಬಳಿ ಚಿತ್ರವಿರಲಿಲ್ಲ, ಇಂಥ ಗೆರೆಗಳಷ್ಟೇ ಇದ್ದವು. ನೆನೆದಾಗಲೆಲ್ಲ ಗೌರವ ಹುಟ್ಟುತ್ತದೆ.

ಆದರೂ ನಾನು ತಕ್ಷಣ ಹೆಸರು ಬರೆಯಲಿಲ್ಲ. ಹಿಂದೊಮ್ಮೆ ಹೃತ್ಕರ್ಣದ ಹಿಂಬದಿಯಲ್ಲಿ ಕಂಡ ಉಬ್ಬನ್ನು ‘ಗೆಡ್ಡೆಯ ಶಂಕೆ’ ಎಂದು ಬರೆದುಬಿಟ್ಟಿದ್ದೆ. ಅದು ಎದೆಗೂಡಿಗೆ ಏರಿ ಬಂದ ಜಠರ, ಹಯೇಟಸ್ ಹರ್ನಿಯಾ. ಆ ಮನೆಯವರು ಅಳುತ್ತ ಕಳೆದ ರಾತ್ರಿ ನನ್ನನ್ನು ಇನ್ನೂ ಬಿಟ್ಟಿಲ್ಲ. ಈಗ ಅಂಥ ಜಾಗದಲ್ಲಿ ಅನುಮಾನ ಬಂದರೆ ಎರಡು ಗುಟುಕು ಸೋಡಾ ಕುಡಿಸಿ ನೋಡುತ್ತೇನೆ. ಉಬ್ಬಿನೊಳಗೆ ಗುಳ್ಳೆಗಳು ಮಿನುಗಿದರೆ ಅದು ಹೊಟ್ಟೆಯೇ.

ಇವರಲ್ಲಿ ಬೇಕಿದ್ದದ್ದು ಉಂಡೆಯ ಬುಡ. ಹೆಪ್ಪುಗಟ್ಟಿದ ರಕ್ತವಾದರೆ ಸಾಮಾನ್ಯವಾಗಿ ಹೃತ್ಕರ್ಣದ ಕಿವಿಯಾಕಾರದ ಚೀಲದಲ್ಲೋ ಹಿಂಗೋಡೆಗೋ ಅಂಟಿರುತ್ತದೆ, ಜೊತೆಗೆ ಬಡಿತದ ತಾಳ ತಪ್ಪಿರುತ್ತದೆ ಇಲ್ಲವೇ ಕವಾಟ ಕೆಟ್ಟಿರುತ್ತದೆ. ಇಲ್ಲಿ ಎರಡೂ ಇಲ್ಲ. ಹೃದಯದ ತುದಿಯ ಕಡೆಯಿಂದ ನೋಡಿದರೆ ಬುಡ ಮಸುಕು. ಪಕ್ಕೆಲುಬಿನ ಕೆಳಗಿನಿಂದ ನೋಡಿದೆ. ಅಲ್ಲಿಂದ ತರಂಗಗಳು ಎರಡು ಹೃತ್ಕರ್ಣಗಳ ನಡುಗೋಡೆಗೆ ಹೆಚ್ಚುಕಮ್ಮಿ ನೇರವಾಗಿ ಬೀಳುತ್ತವೆ. ಉಸಿರು ಎಳೆದು ಹಿಡಿಯಿರಿ ಅಂದೆ. ಆ ಗೋಡೆಯಲ್ಲಿನ ಫಾಸಾ ಒವಾಲಿಸ್ ಎಂಬ ತಗ್ಗಿನ ಅಂಚಿನಿಂದ ಹೊರಟ ಗಿಡ್ಡ ತೊಟ್ಟು ಕಂಡಿತು. ಮಿಕ್ಸೋಮಾ ಎಂಬ ಕ್ಯಾನ್ಸರ್ ಅಲ್ಲದ ಹೃದಯದ ಗೆಡ್ಡೆ ಹೆಚ್ಚಾಗಿ ಹುಟ್ಟುವುದು ಅಲ್ಲೇ.

ಅನ್ನನಾಳಕ್ಕೆ ಪ್ರೋಬ್ ಇಳಿಸಿ ನೋಡುವ ಎಕೋದಲ್ಲಿ ತೊಟ್ಟಿನ ಅಗಲ ಅಳೆದೆ, ಉಳಿದ ಮೂರು ಕೋಣೆಗಳನ್ನೂ ಜಾಲಾಡಿದೆ. ಚೂರು ಕಿತ್ತುಕೊಂಡು ಮಿದುಳಿಗೆ ಹೋಗುವ ಭಯವಿದ್ದುದರಿಂದ ಶಸ್ತ್ರಚಿಕಿತ್ಸಕರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ತೊಟ್ಟಿನ ಸುತ್ತಲಿನ ಗೋಡೆಯನ್ನೂ ಸೇರಿಸಿ ಕತ್ತರಿಸಿ ತೆಗೆದರು. ಪ್ರಯೋಗಾಲಯವೂ ಮಿಕ್ಸೋಮಾ ಎಂದಿತು.

ಅದು ಮರುಕಳಿಸುವುದುಂಟು, ಹಾಗಾಗಿ ವರ್ಷಕ್ಕೊಮ್ಮೆ ಬರುತ್ತಾರೆ. ಮೊನ್ನೆ ಮತ್ತೆ ಪಕ್ಕೆಲುಬಿನ ಕೆಳಗಿನಿಂದಲೇ ನೋಡಿದೆ. ನಡುಗೋಡೆಗೆ ಹೊಲಿದ ತೇಪೆ ಬೆಳ್ಳಗೆ ಕಾಣುತ್ತಿತ್ತು. ಬೇರೇನೂ ಇರಲಿಲ್ಲ.